ಬಾಪೂಜಿಯ ಕೊಂಬು, ಜ್ಞಾನಭಾರತಿಯ ಒತ್ತು

ಬೆಂಗಳೂರಿನ ಮೈಸೂರು ರಸ್ತೆಯ ಬಳಿಯ ಬಾಪೂಜಿ ನಗರ ಎಂಬ ಬಡಾವಣೆಯ ಹೆಸರಿನ ಎರಡನೇ ಅಕ್ಷರವನ್ನು ಸ್ವಲ್ಪ ಗಮನಿಸಿ. ಕನ್ನಡದಲ್ಲಿ ಕೊಂಬು ಸಾಮಾನ್ಯವಾಗಿ ಅಕ್ಷರದ ಬಲಮಗ್ಗುಲಿಗೆ ಅಂಟಿಕೊಳ್ಳುತ್ತದೆ: ಕು, ಗು, ತು, ಸು. ಪಕಾರ, ಫಕಾರ, ವಕಾರಗಳ ವಿಷಯದಲ್ಲಿ ಮಾತ್ರ ಅದು ಕೆಳಕ್ಕೆ ಇಳಿಯುತ್ತದೆ. ಇಳಿಯದಿದ್ದರೆ ಕಷ್ಟ, ವಕಾರದ ಬಲಕ್ಕೆ ಕೊಂಬು ಹಚ್ಚಿದರೆ ಅದು ಮಕಾರವಾಗಿ ಕೂರುತ್ತದೆ. ನಮಗೆ ಇದನ್ನು ಒಂದನೇ ತರಗತಿಯ ಮೇಷ್ಟ್ರು ಸ್ಲೇಟಿನ ಮೇಲೆ ತಿದ್ದಿಸಿ ಕಲಿಸಿದರು. ಕಂಪ್ಯೂಟರಿಗೆ ಫಾಂಟ್ ಮಾಡುವವರು ಕಲಿಸಬೇಕು. ಅವರು ಮರೆತರೆ ಅಥವಾ ಅವರು ಕಲಿಸಿದ್ದನ್ನು ಪರದೆಗೆ ಬರೆಯುವ ತಂತ್ರಾಂಶ ಓದದಿದ್ದರೆ, ‘ಬಾಪೂಜಿ’ಯ ಕೊಂಬು ಎಲ್ಲೋ ಹೋಗಿ ನಿಲ್ಲುತ್ತದೆ.

ಇದೇ ಹೆಸರನ್ನು ಎಣಿಸಿಯೂ ನೋಡಬಹುದು. ಓದುವವರ ಕಣ್ಣಿಗೆ ಇದು ಆರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ, ನಡುವಿನ ಖಾಲಿ ಜಾಗವೂ ಸೇರಿ 10 ಸಂಕೇತ. ಒಂದೊಂದು ಕನ್ನಡ ಸಂಕೇತಕ್ಕೂ ಯುಟಿಎಫ್-8 ವಿಧಾನದಲ್ಲಿ ಮೂರು ಬೈಟ್ ಬೇಕು, ಖಾಲಿ ಜಾಗಕ್ಕೆ ಒಂದು. ಒಟ್ಟು 28 ಬೈಟ್. ಇಂಗ್ಲಿಷಿನಲ್ಲಿ ಬರೆದರೆ 12ಕ್ಕೆ ಮುಗಿಯುತ್ತದೆ. ‘ಬಡಾವಣೆಯ ಹೆಸರಿಗೆ 20 ಬೈಟ್ ಧಾರಾಳ’ ಎಂದುಕೊಂಡು ಯಾರಾದರೂ ಡೇಟಾಬೇಸ್ ಕಟ್ಟಿದ್ದರೆ, ‘ಬಾಪೂಜಿ’ ಮತ್ತು ಅದರ ಮುಂದಿನ ಖಾಲಿ ಜಾಗಕ್ಕೇ 19 ಖರ್ಚಾಗಿ, ‘ನ’ ಅಕ್ಷರದ ಮೂರನೇ ಒಂದು ಪಾಲು ಮಾತ್ರ ಒಳಗೆ ಹೋಗುತ್ತದೆ. ಬಿಲ್ಲಿನ ಮೇಲೆ, ರಸೀದಿಯ ಮೇಲೆ ಕಪ್ಪು ವಜ್ರದೊಳಗೊಂದು ಪ್ರಶ್ನಾರ್ಥಕ ಚಿಹ್ನೆ ಕಂಡಿದ್ದೀರಲ್ಲ, ಅದು ಹುಟ್ಟುವ ಒಂದು ದಾರಿ ಇದು. ಎಸ್ಸೆಮ್ಮೆಸ್ಸಿನಲ್ಲೂ ಇದೇ ಕತೆ: ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರಗಳ ಅವಕಾಶ, ಕನ್ನಡಕ್ಕೆ 70 ಸಂಕೇತ. ಒತ್ತು, ಗುಣಿತಗಳಿಗೂ ಪ್ರತ್ಯೇಕ ಲೆಕ್ಕ.

ಈ ಬಡಾವಣೆಯಲ್ಲೇ ಬಾಡಿಗೆ ಮನೆಯಲ್ಲಿರುವ ಹುಡುಗನೊಬ್ಬ ನನಗೆ ಪರಿಚಯ. ಹಗಲು ಯಾವುದೋ ಕಂಪನಿಯ ಡೆವಲಪರ್. ಸಂಜೆ ಮನೆಗೆ ಬಂದ ಮೇಲೆ ಅವನದೇ ಒಂದು ತಂತ್ರಾಂಶ ಬರೆಯುತ್ತಾನೆ. ಹಳೆಯ ಕನ್ನಡ ಫಾಂಟುಗಳಲ್ಲಿ ಟೈಪಾದ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕ ಅದು. ಇಂಥವು ಕನ್ನಡದಲ್ಲಿ ಈಗಾಗಲೇ ಕೆಲವಿವೆ, ಉಚಿತವಾಗಿಯೇ ಸಿಗುತ್ತವೆ. ಹಾಗಿದ್ದೂ ಇವನು ಹಠ ಹಿಡಿದು ಕೂತಿದ್ದಕ್ಕೆ ಬೀದಿಯ ಕೊನೆಯ ಡಿಟಿಪಿ ಅಂಗಡಿ ಕಾರಣ. ಅಂಗಡಿಯಾತನ ಹಾರ್ಡ್ ಡಿಸ್ಕಿನಲ್ಲಿ ವರ್ಷಗಟ್ಟಲೆಯ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಪತ್ರಗಳಿವೆ, ಎಲ್ಲವೂ ಹಳೆಯ ಫಾಂಟಿನಲ್ಲಿ. ಈಗಿನ ಗಿರಾಕಿಗಳು ಅದೇ ಒಕ್ಕಣೆಯನ್ನು ವಾಟ್ಸ್ಆ್ಯಪಿಗೂ ಕೇಳುತ್ತಾರೆ.

ಮೊದಲ ಸಲ ಹುಡುಗನ ತಂತ್ರಾಂಶವನ್ನು ಓಡಿಸಿದಾಗ ಪರದೆ ಮೇಲೆ ಬಂದದ್ದು ‘ಸುಮುಹೂತರ್ದಲ್ಲಿ’. ಅಂಗಡಿಯಾತ ಕನ್ನಡಕ ಏರಿಸಿ, “ನೋಡಪ್ಪಾ, ಈ ಮುಹೂರ್ತದಲ್ಲಿ ಮದುವೆ ಆಗಲ್ಲ” ಅಂದ.

ಯಾಕೆ ಹಾಗಾಯಿತು ಎಂಬುದರಲ್ಲಿ ಕನ್ನಡ ಕಂಪ್ಯೂಟಿಂಗಿನ ಅರ್ಧ ಚರಿತ್ರೆ ಇದೆ. ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಅಕ್ಷರಗಳಿರಲಿಲ್ಲ, ಅಕ್ಷರದ ತುಂಡುಗಳಿದ್ದವು. ಇಂಗ್ಲಿಷಿಗೆಂದು ಮೀಸಲಾದ ಇನ್ನೂರು ಚಿಲ್ಲರೆ ಮನೆಗಳಲ್ಲಿ ತಲಕಟ್ಟು, ಕೊಂಬು, ಒತ್ತುಗಳನ್ನು ಇಟ್ಟು, ಕಣ್ಣಿಗೆ ಕಾಣುವ ಕ್ರಮದಲ್ಲೇ ಜೋಡಿಸುತ್ತಿದ್ದರು. ಅರ್ಕಾವತ್ತು ಬರಹದಲ್ಲಿ ವ್ಯಂಜನದ ಬಲಕ್ಕೆ ಕಾಣುತ್ತದೆ, ಹಾಗಾಗಿ ಕಡತದಲ್ಲೂ ವ್ಯಂಜನದ ನಂತರವೇ ಕೂತಿರುತ್ತಿತ್ತು. ಯೂನಿಕೋಡ್ ಇದಕ್ಕೆ ತಿರುಗುಮುರುಗು. ಅದು ಉಚ್ಚಾರಣೆಯ ಕ್ರಮದಲ್ಲಿ ಬರೆಯುತ್ತದೆ: ಮೊದಲು ರ್, ಆಮೇಲೆ ತ. ಪರಿವರ್ತಕ ಆ ಅರ್ಕಾವತ್ತನ್ನು ಹಿಂದಿನ ಅಕ್ಷರ ದಾಟಿಸಿ ಮುಂದೆ ತಂದು ನಿಲ್ಲಿಸಬೇಕು. ದಾಟಿಸುವುದೇನು, ಒಂದೇ ಸಂಕೇತವಾದರೆ ಸುಲಭ. ‘ಸಾಮರ್ಥ್ಯ’ದಲ್ಲಿ ಥ, ಅದರ ಯ ಒತ್ತು ಎರಡನ್ನೂ ದಾಟಬೇಕು. ‘ಕರ್ನಾಟಕ’ದಲ್ಲಿ ನ ಜೊತೆಗೆ ಅದರ ದೀರ್ಘವನ್ನೂ ದಾಟಬೇಕು. ದಾಟಿಸದೆ ಬಿಟ್ಟದ್ದರ ಫಲವನ್ನು ನಾವೆಲ್ಲ ನೋಡಿದ್ದೇವೆ: ಪಿಡಿಎಫ್ ಕಡತದಿಂದ ನಕಲು ಮಾಡಿ ಅಂಟಿಸಿದಾಗ ಬರುವ ‘ಕನಾರ್ಟಕ’. ರಾಜ್ಯದ ಹೆಸರೇ ಹೀಗೆ ತಿರುಚಿಕೊಂಡಿರುವ ಎಷ್ಟು ಪುಟಗಳು ಇಂದಿಗೂ ಹರಿದಾಡುತ್ತಿವೆ!

ಹುಡುಗ ಅದನ್ನು ಸರಿಮಾಡಿದ. ಆಮೇಲೆ ಇನ್ನೊಂದು ಬಂತು. ಅರ್ಕಾವತ್ತಿನ ಕೀಲಿ ಸಿಗದವರು ಕನ್ನಡದ ಒಂಬತ್ತನ್ನೇ ಅರ್ಕಾವತ್ತಿನ ಜಾಗಕ್ಕೆ ಒತ್ತಿಬಿಟ್ಟಿರುತ್ತಾರೆ: ‘ಕನಾ೯ಟಕ’, ‘ಮಾಗ೯’. ಅನುಸ್ವಾರದ ಜಾಗಕ್ಕೆ ಸೊನ್ನೆ ಹಾಕುವವರೂ ಇದ್ದಾರೆ, ‘ಬೆ೦ಗಳೂರು’. ಎಷ್ಟು ದಿಟ್ಟಿಸಿದರೂ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಹುಡುಕುಯಂತ್ರಕ್ಕೆ ಮಾತ್ರ ಅದು ಬೇರೆಯೇ ಊರು. ಹುಡುಗ ಒಂದು ನಿಯಮ ಬರೆದ: ಅಕ್ಷರದ ಬೆನ್ನಿಗೆ ೯ ಬಂದರೆ ಅದನ್ನು ಅರ್ಕಾವತ್ತೆಂದು ತಿಳಿದು ಮುಂದೆ ಸರಿಸು. ‘ಮಾಗ೯’ ಚೆನ್ನಾಗಿ ‘ಮಾರ್ಗ’ವಾಯಿತು. ಆದರೆ ಖಾಲಿ ಜಾಗ ಬಿಡದೆ ‘ಮನೆ೯, ೪ನೇ ಅಡ್ಡರಸ್ತೆ’ ಎಂದು ಟೈಪಿಸಿದ್ದ ಒಂದು ವಿಳಾಸವು ‘ಮರ್ನೆ, ೪ನೇ ಅಡ್ಡರಸ್ತೆ’ ಆಗಿ ಹೊರಬಿತ್ತು.

ಡೆವಲಪರ್ ಆದವನ ನಿಜವಾದ ಪ್ರಯೋಗ ಇಲ್ಲಿಂದ ಶುರುವಾಗುತ್ತದೆ ಎಂಬುದು ನನ್ನ ಎಣಿಕೆ. ಒಂದು ತಪ್ಪನ್ನು ಸರಿಪಡಿಸಿದ ಸಾಲೇ ಇನ್ನೊಂದು ಕಡೆ ಹೊಸ ತಪ್ಪು ಹುಟ್ಟಿಸುತ್ತದೆ, ಅದು ಹುಟ್ಟಿದ್ದು ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಈ ಕಸುಬಿನವರು ಕಂಡುಕೊಂಡ ಉಪಾಯ ಬಹಳ ಸಾದಾ. ಇಂಥದ್ದನ್ನು ಕೊಟ್ಟರೆ ಇಂಥದ್ದು ಬರಬೇಕು ಎಂದು ಒಂದೊಂದೇ ಜೋಡಿ ಬರೆದಿಟ್ಟುಕೊಳ್ಳುವುದು. ಕೋಡಿನಲ್ಲಿ ಒಂದು ಅಲ್ಪವಿರಾಮ ಬದಲಿಸಿದರೂ ಮೊದಲಿನಿಂದ ಕೊನೆಯ ತನಕ ಎಲ್ಲ ಜೋಡಿಗಳನ್ನೂ ಯಂತ್ರವೇ ಓಡಿಸಿ ನೋಡುವುದು. 1997ರಲ್ಲಿ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಎಂಬಿಬ್ಬರು ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ಹೋಗುವ ವಿಮಾನದಲ್ಲಿ ಕೂತು ಇದಕ್ಕೊಂದು ಪುಟ್ಟ ಸಾಧನ ಬರೆದರು. ಜೆಯೂನಿಟ್ ಎಂಬ ಆ ಸಾಧನದ ಮಾದರಿ ಆಮೇಲೆ ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಮಿಂಗ್ ಭಾಷೆಗಳಿಗೂ ಹರಡಿತು. ಸಾಧನ ಯಾವುದಾದರೂ ಇರಲಿ, ಜೋಡಿಗಳನ್ನು ಬರೆಯುವ ಕೆಲಸ ಮನುಷ್ಯನದೇ. ಅದಕ್ಕೆ ಭಾಷೆ ಗೊತ್ತಿರಬೇಕು.

ಇಲ್ಲೊಂದು ತಕರಾರು ಎತ್ತುವುದಿದೆ. ಕನ್ನಡ ತಂತ್ರಾಂಶದ ಪ್ರಾತ್ಯಕ್ಷಿಕೆ ಎಲ್ಲೇ ನಡೆಯಲಿ, ಪರದೆ ಮೇಲೆ ಮೊದಲು ಬರುವ ಪದ ‘ನಮಸ್ಕಾರ’. ಎರಡನೆಯದು ‘ಕನ್ನಡ’. ಇವೆರಡೂ ಸರಿಯಾಗಿ ಕಂಡರೆ ಚಪ್ಪಾಳೆ. ಸ್ಕ, ನ್ನ ಬಿಟ್ಟರೆ ಇವುಗಳಲ್ಲಿ ತಂತ್ರಾಂಶ ಬೆವರುವಂಥದ್ದು ಏನೂ ಇಲ್ಲ. ಈಗೀಗ ಇಂಥ ಜೋಡಿಗಳನ್ನೂ, ಅಂದರೆ ಟೆಸ್ಟುಗಳನ್ನೂ, ಎಐ ಬರೆದುಕೊಡುತ್ತದೆ. ನಮ್ಮ ಹುಡುಗ ಅದನ್ನೂ ಕೇಳಿ ನೋಡಿದ. ಕ್ಷಣಾರ್ಧದಲ್ಲಿ ಒಂದು ರಾಶಿ ಬಂತು, ಎಲ್ಲವೂ ಪಾಸು. ಬಿಚ್ಚಿ ನೋಡಿದರೆ ನಮಸ್ಕಾರ, ಕನ್ನಡ, ಬೆಂಗಳೂರುಗಳದೇ ಮೆರವಣಿಗೆ. ಇನ್ನೂ ಮಜವೆಂದರೆ ಕೆಲವು ಜೋಡಿಗಳಲ್ಲಿ ‘ಬರಬೇಕಾದ ಉತ್ತರ’ವನ್ನು ಇವನ ಕೋಡನ್ನೇ ಓಡಿಸಿ, ಅದು ಕೊಟ್ಟದ್ದನ್ನೇ ತುಂಬಿಸಿತ್ತು. ಪರೀಕ್ಷೆಗೆ ಕೂತವನ ಉತ್ತರ ಪತ್ರಿಕೆಯನ್ನೇ ನೋಡಿ ಮಾದರಿ ಉತ್ತರ ಸಿದ್ಧಪಡಿಸಿದ ಹಾಗೆ. ‘ಕನಾರ್ಟಕ’ ಅಲ್ಲಿ ಸರಿಯುತ್ತರದ ಕಾಲಂನಲ್ಲಿ ನೆಮ್ಮದಿಯಾಗಿತ್ತು.

ಕಷ್ಟದ ಪದಗಳು ಬೇಕಿದ್ದರೆ ಬಹಳ ದೂರ ಹೋಗಬೇಕಾಗಿಲ್ಲ. ಮೈಸೂರು ರಸ್ತೆಯ ಅಕ್ಕಪಕ್ಕದ ಹೆಸರುಗಳನ್ನು ಒಂದು ಕಡೆಯಿಂದ ಬರೆದುಕೊಂಡರೆ ಅದೇ ಸೊಗಸಾದ ಪ್ರಶ್ನೆಪತ್ರಿಕೆ. ಹುಡುಗನ ಫೈಲಿನಲ್ಲಿರುವುದೂ ಅದೇ. ‘ವೃಷಭಾವತಿ’ಯಲ್ಲಿ ವಟ್ರಸುಳಿ ಇದೆ. ‘ಅತ್ತಿಗುಪ್ಪೆ’ಯಲ್ಲಿ ಎರಡು ಸಜಾತಿ ಒತ್ತು. ‘ಹೊಸಹಳ್ಳಿ’ಯ ಹೊಕಾರಕ್ಕೆ ಏತ್ವ, ಕೊಂಬಿನ ಇಳಿ ಎರಡೂ ಸೇರಬೇಕು. ‘ಗೋರಿಪಾಳ್ಯ’ದ ಗೋ ಇನ್ನೂ ತಂಟೆಯದು. ಯೂನಿಕೋಡಿನಲ್ಲಿ ಆ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಏತ್ವ, ಕೊಂಬಿನ ಇಳಿ, ದೀರ್ಘದ ಗುರುತು ಎಂದು ಮೂರು ಸಂಕೇತವಾಗಿಯೂ ಬರೆಯಬಹುದು. ಪರದೆಯಲ್ಲಿ ಎರಡಕ್ಕೂ ಒಂದೇ ರೂಪ. ಒಂದು ಬಗೆಯಲ್ಲಿ ಬರೆದದ್ದನ್ನು ಇನ್ನೊಂದು ಬಗೆಯಲ್ಲಿ ಹುಡುಕಿದರೆ, ಎರಡನ್ನೂ ಮೊದಲು ಒಂದೇ ರೂಪಕ್ಕೆ ತರುವ ಎಚ್ಚರ ಇಲ್ಲದ ತಂತ್ರಾಂಶ, ಗೋರಿಪಾಳ್ಯವೇ ಇಲ್ಲ ಎನ್ನುತ್ತದೆ.

ನೇರಳೆ ಮಾರ್ಗದ ಮೆಟ್ರೊ 2015ರ ನವೆಂಬರಿನಲ್ಲಿ ಮೈಸೂರು ರಸ್ತೆಗೆ ಬಂತು, 2021ರ ಆಗಸ್ಟಿನಲ್ಲಿ ಕೆಂಗೇರಿಗೆ ಮುಂದುವರಿಯಿತು. ಆ ಮುಂದುವರಿದ ಹಳಿಯಲ್ಲಿ ಒಂದು ನಿಲ್ದಾಣ ಜ್ಞಾನಭಾರತಿ. ಅದರ ಮೊದಲ ಅಕ್ಷರವನ್ನು ಬಿಡಿಸಿದರೆ ಜ, ವಿರಾಮ, ಞ, ದೀರ್ಘ, ಹೀಗೆ ನಾಲ್ಕು ಸಂಕೇತ. ದೀರ್ಘ ಕೊನೆಯಲ್ಲಿ ಬಂದರೂ ಕಾಣಬೇಕಾದದ್ದು ಮೇಲಿನ ಜಕಾರದ ಮೈಮೇಲೆ, ಞ ಮಾತ್ರ ಒತ್ತಾಗಿ ಕೆಳಗೆ. ನಮ್ಮ ಪಕ್ಕದ ತೆಲುಗಿನಲ್ಲಿ ಇದೇ ‘ಜ್ಞಾ’ 2018ರ ಫೆಬ್ರವರಿಯಲ್ಲಿ ಜಗತ್ತಿನಾದ್ಯಂತ ಐಫೋನುಗಳನ್ನು ಕೆಡವಿತ್ತು. ಆ ನಾಲ್ಕು ಸಂಕೇತಗಳ ನಡುವೆ, ಞ ಆದ ಮೇಲೆ, ಕಣ್ಣಿಗೆ ಕಾಣದ ಇನ್ನೊಂದು ಸಂಕೇತ ಸೇರಿಕೊಂಡಿದ್ದರೆ ಸಾಕು, ಸಂದೇಶ ತೋರಿಸಲು ಹೊರಟ ಆ್ಯಪ್ ಕುಸಿದು ಬೀಳುತ್ತಿತ್ತು. ಆಪಲ್ ಕಂಪನಿ ಆ ತಿಂಗಳ 19ರಂದು ಐಓಎಸ್ 11.2.6 ಬಿಡುಗಡೆ ಮಾಡಿ ಇದನ್ನು ಸರಿಪಡಿಸಿತು. ಅಷ್ಟು ದೊಡ್ಡ ಕಂಪನಿಯ ಟೆಸ್ಟ್ ಪಟ್ಟಿಯಲ್ಲಿ ಆ ಜೋಡಣೆಯ ಒಂದು ಸಾಲು ಇದ್ದಿರಲಾರದು, ಅಷ್ಟೇ.

ಆ ಕಣ್ಣಿಗೆ ಕಾಣದ ಸಂಕೇತಗಳ ಬಗ್ಗೆ ಎರಡು ಮಾತು ಹೇಳಲೇಬೇಕು, ಕನ್ನಡಕ್ಕೆ ಅವು ಅನಿವಾರ್ಯ. ಒಂದು ಕೂಡಿಸುವುದು, ಇನ್ನೊಂದು ಬಿಡಿಸುವುದು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟ್ ಆದ ಮೇಲೆ ಬಿಡಿಸುವ ಸಂಕೇತ ಹಾಕದಿದ್ದರೆ ವ ಹೋಗಿ ಟಕಾರದ ಕೆಳಗೆ ಒತ್ತಾಗಿ ನೇತಾಡುತ್ತದೆ: ‘ಸಾಫ್ಟ್ವೇರ್’. ‘ರ‍್ಯಾಂಕ್’ ಪದಕ್ಕೆ ಬೇಕಾದದ್ದು ಕೂಡಿಸುವ ಸಂಕೇತ. ರ ಮತ್ತು ವಿರಾಮದ ನಡುವೆ ಅದನ್ನು ತೂರಿಸಿದರೆ ಮಾತ್ರ ರಕಾರ ತನ್ನ ಪೂರ್ಣರೂಪದಲ್ಲಿ ನಿಂತು ಯ ಅದರ ಒತ್ತಾಗುತ್ತದೆ. ಇಲ್ಲದಿದ್ದರೆ ‘ರ್ಯಾಂಕ್’, ಯಾ ಮೊದಲು ಬಂದು, ಅರ್ಕಾವತ್ತು ಅದರ ಹಿಂದೆ ಹೋಗಿ, ಓದುವವರ ನಾಲಿಗೆ ತೊಡರುತ್ತದೆ. ಇಂಥ ಅಗೋಚರ ಸಂಕೇತಗಳನ್ನು ‘ಕಸ’ ಎಂದು ಬಗೆದು ಗುಡಿಸಿ ಹಾಕುವ ತಂತ್ರಾಂಶಗಳೂ ಇವೆ. ಅದನ್ನು ಬರೆದವರು ಶ್ರದ್ಧೆಯಿಂದಲೇ ಬರೆದಿರುತ್ತಾರೆ. ಆ ಕಸ ಯಾರ ಮನೆಯ ಸಾಮಾನು ಎಂದು ಅವರಿಗೆ ಹೇಳಿದವರಿಲ್ಲ.

ಹೇಳುವವರು ಇದ್ದಾಗ ಏನಾಗುತ್ತದೆ ಎನ್ನುವುದಕ್ಕೆ ಒಳ್ಳೆಯ ಉದಾಹರಣೆ ಹಾರ್ಫ್‌ಬಜ್. ಆಂಡ್ರಾಯ್ಡ್ ಫೋನು, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರ ಒಳಗೂ ಕನ್ನಡದ ಸಂಕೇತಗಳನ್ನು ಅಕ್ಷರರೂಪಕ್ಕೆ ಜೋಡಿಸುವ ಮುಕ್ತ ತಂತ್ರಾಂಶ ಅದು. ಬೆಹ್ದಾದ್ ಎಸ್ಫಹ್‌ಬೋದ್ ಎಂಬ ಇರಾನ್ ಮೂಲದ ತಂತ್ರಜ್ಞ 2012ರ ಸುಮಾರಿಗೆ ಭಾರತೀಯ ಲಿಪಿಗಳ ಭಾಗವನ್ನು ಬರೆಯುತ್ತಿದ್ದಾಗ ಒಂದು ಜಾಣ ದಾರಿ ಹಿಡಿದರು. ಸರಿಯುತ್ತರ ಯಾವುದೆಂದು ಅವರಿಗೆ ಗೊತ್ತಿಲ್ಲ. ಹಾಗಾಗಿ ಪದಗಳ ಭಾರಿ ಪಟ್ಟಿಯೊಂದನ್ನು ತಮ್ಮ ತಂತ್ರಾಂಶಕ್ಕೂ ಅದೇ ಕೆಲಸ ಮಾಡುವ ಮೈಕ್ರೋಸಾಫ್ಟಿನ ಯುನಿಸ್ಕ್ರೈಬ್‌ಗೂ ಕೊಟ್ಟು, ಎರಡರ ಉತ್ತರ ಎಲ್ಲೆಲ್ಲಿ ಬೇರೆಯಾಗುತ್ತದೆ ಎಂದು ಎಣಿಸಿದರು. ಕನ್ನಡದಲ್ಲಿ 9,51,913 ಪದ. ಒಂದು ಹಂತದಲ್ಲಿ ಅವುಗಳಲ್ಲಿ ಏಳುನೂರು ಚಿಲ್ಲರೆಗೆ ಉತ್ತರ ಹೊಂದಲಿಲ್ಲ. ತಮಿಳಿನ ಹತ್ತು ಲಕ್ಷಕ್ಕೂ ಮಿಕ್ಕಿದ ಪದಗಳಲ್ಲಿ ಒಂದೂ ತಪ್ಪಲಿಲ್ಲ. ಒತ್ತಕ್ಷರಗಳ ಗೋಜು ಅಲ್ಲಿ ಕಡಿಮೆ, ಅಸೂಯೆ ಬೇಡ. ಉತ್ತರ ಹೊಂದದ ಕಡೆಯೆಲ್ಲ ಹಾರ್ಫ್‌ಬಜ್ಜೇ ತಪ್ಪು ಎಂದೂ ಇರಲಿಲ್ಲ. ಕೆಲವು ಕಡೆ ಮೈಕ್ರೋಸಾಫ್ಟ್ ಮಾಡಿದ್ದೇ ತಪ್ಪಾಗಿತ್ತು. ಅದನ್ನು ತೀರ್ಮಾನಿಸಲು ಮತ್ತೆ ಆ ಲಿಪಿ ಓದಬಲ್ಲ ಕಣ್ಣು ಬೇಕಾಯಿತು.

ಸಕಾಲಕ್ಕೆ ಅಂಥ ಕಣ್ಣು ಸಿಗದೆ ಹೋದದ್ದಕ್ಕೂ ನಮ್ಮಲ್ಲಿ ಸಾಕ್ಷಿ ಇದೆ. ಯೂನಿಕೋಡಿನ ಕನ್ನಡ ವಿಭಾಗದಲ್ಲಿ 0ಸಿಡಿಇ ಎಂಬ ಸ್ಥಾನಕ್ಕೆ ಹೋಗಿ ನೋಡಿದರೆ ‘ಕನ್ನಡ ಅಕ್ಷರ ಎಫ್ಎ’ ಎಂಬ ಹೆಸರು ಇದೆ. ಇಂಗ್ಲಿಷಿನ ಎಫ್ ಉಚ್ಚಾರಕ್ಕೆಂದೇ ಕನ್ನಡದಲ್ಲಿ ಬೇರೆ ಅಕ್ಷರ ಯಾವಾಗ ಇತ್ತು? ಅಲ್ಲಿ ಕೂತಿರುವುದು ಹಳಗನ್ನಡದ ೞ. ಹೆಸರಿಟ್ಟವರು ತಪ್ಪಿದರು. ಯೂನಿಕೋಡಿನ ನಿಯಮದ ಪ್ರಕಾರ ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸುವಂತಿಲ್ಲ, ಪಕ್ಕದಲ್ಲೊಂದು ತಿದ್ದುಪಡಿ ಹೆಸರು ಅಂಟಿಸಬಹುದಷ್ಟೇ. ಹಾಗೆಯೇ ಅಂಟಿಸಿದ್ದಾರೆ.

ಳಕಾರದ ಕತೆಯೂ ಇದೇ ಮನೆತನದ್ದು. ಯೂನಿಕೋಡ್ ತನ್ನ ಭಾರತೀಯ ಲಿಪಿಗಳ ವ್ಯವಸ್ಥೆಯನ್ನು 1988ರ ಇಸ್ಕಿ ಮಾನಕದಿಂದ ತೆಗೆದುಕೊಂಡಿತು, ಅಲ್ಲಿ ಎಲ್ಲ ಲಿಪಿಗಳೂ ದೇವನಾಗರಿಯ ಸಾಲಿಗೆ ಸರಿಯಾಗಿ ನಿಂತವು. ಹೀಗಾಗಿ ಳ ಬಂದು ಲಕಾರದ ಪಕ್ಕ, ವಕಾರಕ್ಕಿಂತ ಮೊದಲೇ ಕೂತಿದೆ. ನಮ್ಮ ಯಾವ ನಿಘಂಟು ತೆಗೆದರೂ ಳ ಹಕಾರದ ನಂತರ. ಬರೀ ಸಂಕೇತದ ಕ್ರಮಾಂಕ ನೋಡಿ ಅಕಾರಾದಿ ಮಾಡುವ ತಂತ್ರಾಂಶ ಬಳೇಪೇಟೆಯನ್ನು ಬಸವೇಶ್ವರನಗರಕ್ಕಿಂತ ಮುಂದೆ ತಂದು ನಿಲ್ಲಿಸುತ್ತದೆ. ಸರಿಯಾಗಿ ವಿಂಗಡಿಸುವ ಕೋಷ್ಟಕವೂ ಯೂನಿಕೋಡ್ ಒಕ್ಕೂಟದ ಬಳಿಯೇ ಇದೆ, ಬಿಟ್ಟಿ. ಡೆವಲಪರ್ ನೆನಪಿಟ್ಟುಕೊಂಡು ಅದನ್ನು ಬಳಸಬೇಕು. ‘ಬಳೇಪೇಟೆ, ಬಸವೇಶ್ವರನಗರ’ ಎಂಬ ಒಂದು ಜೋಡಿ ಅವನ ಟೆಸ್ಟಿನಲ್ಲಿದ್ದರೆ ಮರೆಯಲು ಸಾಧ್ಯವೇ ಇಲ್ಲ.

ಹೊಸ ಸಾಧನಗಳನ್ನು ಮಾಡುವುದರಲ್ಲಿ ಕನ್ನಡಿಗರು ಯಾರಿಗೂ ಹಿಂದೆ ಬಿದ್ದಿಲ್ಲ. ಕಿನ್ನಿಕಂಬಳದ ಕೆ. ಪಿ. ರಾವ್ ಅಚ್ಚುಮೊಳೆ, ಮೋನೋಟೈಪುಗಳ ಲೋಕದಿಂದ ಬಂದವರು. ಎಂಬತ್ತರ ದಶಕದಲ್ಲೇ ಅವರು ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲಿ ಕನ್ನಡದ ಅಷ್ಟೂ ಗುಣಿತ, ಒತ್ತುಗಳನ್ನು ಹಿಡಿಸುವ ವಿನ್ಯಾಸ ಮಾಡಿದರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಎಂದೇ ಹೆಸರಿಟ್ಟು ಹಂಚಿದರು. ಕಗಪ ವಿನ್ಯಾಸ ಎಂದು ನಾವೀಗ ಕರೆಯುವುದರ ಬುಡ ಅದು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಡೆಬಿಯನ್ ಲಿನಕ್ಸಿನ ಜೊತೆ ಪ್ರಪಂಚ ಸುತ್ತುತ್ತಿವೆ. ಇಷ್ಟೆಲ್ಲ ಇದ್ದೂ, ಕನ್ನಡ ತಂತ್ರಾಂಶ ಬರೆಯುವ ಹೊಸಬನೊಬ್ಬ ಎತ್ತಿಕೊಂಡು ತನ್ನ ಕೋಡಿಗೆ ಒಡ್ಡಬಹುದಾದ, ಎಲ್ಲರೂ ಒಪ್ಪಿದ, ಉತ್ತರಸಮೇತ ಬರೆದಿಟ್ಟ ಕಷ್ಟದ ಪದಗಳ ಪಟ್ಟಿಯನ್ನು ಮೊದಲ ದಿನವೇ ಅವನ ಕೈಗಿಡುವ ಪರಿಪಾಠ ನಮ್ಮಲ್ಲಿಲ್ಲ. ಪ್ರತಿಯೊಬ್ಬನೂ ತನ್ನ ‘ಸುಮುಹೂತರ್’ವನ್ನು ತಾನೇ ಕಂಡುಹಿಡಿಯುತ್ತಾನೆ. ಇನ್ನೊಂದು ಕೀಲಿಮಣೆಯ ಬಿಡುಗಡೆ ಸಮಾರಂಭಕ್ಕೆ ವೇದಿಕೆ, ಹಾರ, ಛಾಯಾಗ್ರಾಹಕ ಎಲ್ಲ ಸಿಗುತ್ತಾರೆ. ಪದಪಟ್ಟಿಗೆ ಯಾರು ಟೇಪು ಕತ್ತರಿಸುತ್ತಾರೆ?

ಇದಕ್ಕೆ ಎಂಜಿನಿಯರಿಂಗ್ ಪದವಿಯೂ ಬೇಡ. ಡಿಟಿಪಿ ಅಂಗಡಿಯವನಿಗೆ ಒಂದು ಸಾಲು ಕೋಡು ಗೊತ್ತಿಲ್ಲ, ಆದರೆ ಹುಡುಗನ ಪಟ್ಟಿಯ ಒಳ್ಳೊಳ್ಳೆಯ ಸಾಲುಗಳು ಅವನಿಂದಲೇ ಬಂದವು. “ಅಣ್ಣಾ, ಇವತ್ತೇನಾದ್ರೂ ಒಡೀತಾ?” ಅಂತ ಇವನು ಸಂಜೆ ಬಾಗಿಲಲ್ಲಿ ನಿಲ್ಲುತ್ತಾನೆ. ಅವನು ಡ್ರಾಯರಿನಿಂದ ಒಂದು ಹಾಳೆ ತೆಗೆಯುತ್ತಾನೆ. ‘ಧಾರ್ಷ್ಟ್ಯ’ ಒಂದು ದಿನ ಹಾಗೆ ಬಂತು, ಮದುವೆಯ ಕಾರ್ಡಿನಿಂದ ಅಲ್ಲ, ಯಾರದೋ ವಕೀಲರ ನೋಟಿಸಿನಿಂದ.

ಈಗ ಹುಡುಗ ಸಿಕ್ಕಿಹಾಕಿಕೊಂಡಿರುವುದು ಬೇರೆ ಜಾತಿಯ ತೊಡಕಿನಲ್ಲಿ. ವಿಳಾಸ ಹುಡುಕುವ ಸೌಲಭ್ಯವನ್ನೂ ಸೇರಿಸೋಣ ಎಂದು ಹೊರಟ. ಅವನ ಫೈಲಿನಲ್ಲಿ ಎಡಕ್ಕೆ ಕೊಟ್ಟದ್ದು, ಬಲಕ್ಕೆ ಬರಬೇಕಾದದ್ದು. ನಾಯಂಡಹಳ್ಳಿಯ ಸಾಲಿಗೆ ಬಂದಾಗ ಎಡಗಡೆ ಮೂರು ರೂಪಗಳಾದವು: ನಾಯಂಡಹಳ್ಳಿ, ನಾಯಂಡನಹಳ್ಳಿ, ನಾಯಂದಹಳ್ಳಿ. ಮೂರನ್ನೂ ಜನ ಬರೆಯುತ್ತಾರೆ, ಕಾಗುಣಿತದಲ್ಲಿ ಮೂರಕ್ಕೂ ದೋಷವಿಲ್ಲ, ಫಾಂಟು ಮೂರನ್ನೂ ಚೆನ್ನಾಗಿ ತೋರಿಸುತ್ತದೆ. ಬಲಗಡೆ ಏನು ಬರೆಯಬೇಕು? ಮೂರೂ ಒಂದೇ ಊರು ಎಂದು ತಂತ್ರಾಂಶಕ್ಕೆ ಕಲಿಸಿದರೆ, ಅದೇ ಸಡಿಲ ನಿಯಮ ನಾಳೆ ಯಾವುದೋ ಎರಡು ಬೇರೆ ಊರುಗಳನ್ನೂ ಒಂದು ಮಾಡುತ್ತದೆ. ಸದ್ಯಕ್ಕೆ ಆ ಕಾಲಂ ಖಾಲಿ ಬಿಟ್ಟು, ಅಂಗಡಿಗೆ ಬರುವ ಹಳಬರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಿದ್ದಾನೆ. ಅವರಲ್ಲಿ ಒಬ್ಬರು ನಾಲ್ಕನೆಯ ರೂಪವೊಂದನ್ನು ಹೇಳಿ ಹೋಗಿದ್ದಾರೆ.